ಹೊತ್ತು ಮುಳುಗುವ ಮುಂಚೆ ವಸತಿ ಹುಡುಕು: ಚೀನಾದ ಪಿಂಗಾಣಿ ದಿಂಬುಗಳ ಊರಿನಲ್ಲಿ

ಬೇಸಿಗೆಯಲ್ಲಿ ನಮ್ಮಪ್ಪ ಹತ್ತಿ ದಿಂಬು ಮುಟ್ಟೋದಿಲ್ಲ. ಊಟ ಆದಮೇಲೆ ಅಡುಗೆಮನೆಯಿಂದ ಮಣೆ ತರುತ್ತಾರೆ. ಟವೆಲ್ ಮಡಚಿ ಅದರ ಮೇಲೆ ಹಾಕಿ, ಹಾಲ್‌ನ ನೆಲದಲ್ಲಿ ತಲೆಯಿಟ್ಟರೆ ಐದೇ ನಿಮಿಷಕ್ಕೆ ನಿದ್ದೆ. ಹಾಗಾಗಿ ನಾನು ಫೋನಿನಲ್ಲಿ ಚೀನಾದ ಪಿಂಗಾಣಿ ದಿಂಬಿನ ಚಿತ್ರ ತೋರಿಸಿ, "ಅಪ್ಪಾ, ಇದರ ಮೇಲೆ ಜನ ಮಲಗ್ತಿದ್ರಂತೆ" ಅಂದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. ಕೇಳಿದ್ದು ಒಂದೇ ಮಾತು: "ಒಳಗೆ ಟೊಳ್ಳು ತಾನೇ? ಗಾಳಿ ಹೋಗೋಕೆ ತೂತು ಎಲ್ಲಿಟ್ಟಿದ್ದಾರೆ?"

ಅಪ್ಪ ಹುಟ್ಟಿದ್ದು ತುರುವೇಕೆರೆ ಕಡೆಯ ಹಳ್ಳಿಯೊಂದರ ಕುಂಬಾರರ ಮನೆಯಲ್ಲಿ. ಇಪ್ಪತ್ತು ವರ್ಷದ ತನಕ ತಾತನ ಜೊತೆ ತಿಗರಿ ಮುಂದೆ ಕೂತವರು. ಸ್ಟೀಲ್ ಪಾತ್ರೆ ಬಂದು ಮಡಕೆ ಕೇಳುವವರು ಕಡಿಮೆಯಾದಾಗ ಬೆಂಗಳೂರಿಗೆ ಬಂದು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆದರು. ಈಗ ನಿವೃತ್ತರು. ಆ ದಿನ ಅವರು ತೂತಿನ ಬಗ್ಗೆ ಕೇಳಿದ ರೀತಿ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಇವರನ್ನು ಆ ದಿಂಬು ಮಾಡಿದ ಊರಿಗೇ ಕರೆದುಕೊಂಡು ಹೋಗಬೇಕು ಅಂತ ತೀರ್ಮಾನಿಸಿದೆ. ಜುಲೈ ಮೊದಲ ವಾರ ಹೊರಟೆವು.

ಮೊದಲ ದಿನ: ದಕ್ಷಿಣದಿಂದ ಉತ್ತರಕ್ಕೆ

ವಿಮಾನ ನಮ್ಮನ್ನು ಗುವಾಂಗ್‌ಝೌನಲ್ಲಿ ಇಳಿಸಿತು. ಅಲ್ಲಿಂದ ಆ ದಿಂಬುಗಳ ಸೀಮೆಯಾದ ಹಾಂಡಾನ್‌ಗೆ ಬುಲೆಟ್ ರೈಲು, ದಿನ ಪೂರ್ತಿ ಪ್ರಯಾಣ. ಟಿಕೆಟ್‌ಗೂ ಸ್ಟೇಷನ್ ಒಳಗೆ ಹೋಗೋದಕ್ಕೂ ಪಾಸ್‌ಪೋರ್ಟೇ ಬೇಕು, ಅದನ್ನು ಸೂಟ್‌ಕೇಸಿನ ತಳಕ್ಕೆ ಹಾಕಬೇಡಿ. ಹಣಕ್ಕೆ ಅಲಿಪೇ ಆ್ಯಪ್‌ಗೆ ನಮ್ಮ ಕಾರ್ಡ್ ಜೋಡಿಸಿಕೊಂಡು ಹೋಗಿದ್ದೆ. ಕಡಲೆಕಾಯಿ ಮಾರುವ ಅಜ್ಜಿಯ ಹತ್ತಿರವೂ ಅದೇ ನಡೆಯಿತು.

ಮಧ್ಯಾಹ್ನದ ತನಕ ಕಿಟಕಿಯಾಚೆ ಭತ್ತದ ಗದ್ದೆ, ಕೆರೆ, ಬಾಳೆ. ಯಾಂಗ್‌ತ್ಸೆ ನದಿ ದಾಟಿ ಇನ್ನೂ ಉತ್ತರಕ್ಕೆ ಹೋದ ಹಾಗೆ ಹಸಿರು ತೆಳ್ಳಗಾಯಿತು. ಹೆನಾನ್ ಪ್ರಾಂತ್ಯ ಬಂದಾಗ ಗೋಧಿ ಕೊಯ್ದ ಹೊಲಗಳಲ್ಲಿ ಮೊಣಕಾಲೆತ್ತರದ ಮುಸುಕಿನ ಜೋಳ. ಮಣ್ಣು ಹಳದಿ. ಅಪ್ಪ ಅಷ್ಟು ಹೊತ್ತು ಸುಮ್ನೆ ಕೂತಿದ್ದವರು ಕಿಟಕಿಗೆ ಮುಖ ಒತ್ತಿ, "ಈ ಮಣ್ಣಲ್ಲಿ ಇಟ್ಟಿಗೆ ಆಗುತ್ತೆ. ದಿಂಬಿನ ಮಣ್ಣು ಇದಲ್ಲ. ಅದು ಬೆಟ್ಟದ ಬುಡದಲ್ಲಿ ಸಿಗಬೇಕು" ಅಂದರು. ಅದು ನಿಜ ಅಂತ ಮೂರು ದಿನದ ಮೇಲೆ ಗೊತ್ತಾಯಿತು.

ಹಾಂಡಾನ್ ಪೂರ್ವ ಸ್ಟೇಷನ್ನಿನಲ್ಲಿ ಇಳಿದಾಗ ಕತ್ತಲಾಗಿತ್ತು. ಆದರೂ ಬೀಸುತ್ತಿದ್ದದ್ದು ಬಿಸಿಗಾಳಿ.

ಎರಡನೇ ದಿನ: ಕನಸಿನ ದಿಂಬು, ಮನೆ ಹೆಸರಿನ ಮುದ್ರೆ

ಬೆಳಿಗ್ಗೆ ರಸ್ತೆ ಬದಿಯ ಅಂಗಡಿಯಲ್ಲಿ ತಿಂಡಿ. ದೊಡ್ಡ ಹಂಡೆಯಲ್ಲಿ ತೆಳು ಹಳದಿ ಗಂಜಿ ಕುದಿಯುತ್ತಿತ್ತು. ಒಂದು ಗುಟುಕು ಕುಡಿದ ಅಪ್ಪ ನನ್ನ ಕಡೆ ತಿರುಗಿ, "ನವಣೆ ಕಣಮ್ಮ ಇದು!" ಅಂದರು. ನಿಜವಾಗಿಯೂ ನವಣೆಯೇ. ಈ ಹಾಂಡಾನ್ ಸೀಮೆಯ ಸಿಶಾನ್ ಅನ್ನೋ ಕಡೆ ಸುಮಾರು 8 ಸಾವಿರ ವರ್ಷ ಹಿಂದಿನ ಸಿರಿಧಾನ್ಯದ ಹಗೇವುಗಳು ಸಿಕ್ಕಿವೆ. ಉಪ್ಪಿಲ್ಲ, ಬೆಲ್ಲ ಇಲ್ಲ, ಬರೀ ಗಂಜಿ. ಜೊತೆಗೆ ಎಳ್ಳು ಉದುರಿಸಿದ ಗರಿಗರಿ ರೊಟ್ಟಿ. ಅಪ್ಪ ಎರಡು ಬಟ್ಟಲು ಕುಡಿದರು. ಆಮೇಲೆ ಹಾಂಡಾನ್‌ನಲ್ಲಿ ಇದ್ದಷ್ಟು ದಿನವೂ ಬೆಳಿಗ್ಗೆ ಅದೇ ಅಂಗಡಿ.

ನವಣೆ ಕುಡಿದು ಹೋದದ್ದು ನವಣೆಯ ಕತೆ ಇರುವ ಜಾಗಕ್ಕೇ. ನಗರದಿಂದ ಉತ್ತರಕ್ಕೆ ಸುಮಾರು 10 ಕಿಲೋಮೀಟರ್ ದೂರದಲ್ಲಿ ಹುವಾಂಗ್‌ಲಿಯಾಂಗ್‌ಮೆಂಗ್ ಇದೆ. ಹೆಸರಿನ ಅರ್ಥವೇ 'ಹಳದಿ ನವಣೆಯ ಕನಸು'. ಸಾವಿರ ವರ್ಷಕ್ಕೂ ಹಿಂದಿನ, ಟಾಂಗ್ ಅರಸರ ಕಾಲದ ಕತೆ ಅದು. ಲು ಶೆಂಗ್ ಅನ್ನೋ ಬಡ ಹುಡುಗ ಹಾಂಡಾನ್ ದಾರಿಯ ಛತ್ರದಲ್ಲಿ ಒಬ್ಬ ಮುದುಕ ಸನ್ಯಾಸಿಯ ಹತ್ತಿರ ಕೂತು ತನ್ನ ಕಷ್ಟ ಹೇಳಿಕೊಳ್ಳುತ್ತಾನೆ. ಸನ್ಯಾಸಿ ಚೀಲದಿಂದ ಒಂದು ಪಿಂಗಾಣಿ ದಿಂಬು ತೆಗೆದು ಕೊಡುತ್ತಾನೆ. ಹುಡುಗ ಅದರ ಮೇಲೆ ಮಲಗುತ್ತಾನೆ. ಕನಸಿನಲ್ಲಿ ಮದುವೆ, ದೊಡ್ಡ ಹುದ್ದೆ, ಜೈಲು, ಮತ್ತೆ ಹುದ್ದೆ, ಮಕ್ಕಳು, ಮೊಮ್ಮಕ್ಕಳು, ಕೊನೆಗೆ ಸಾವು. ಎಚ್ಚರಾಗಿ ನೋಡಿದರೆ ಛತ್ರದವನು ಒಲೆ ಮೇಲಿಟ್ಟ ಧಾನ್ಯ ಇನ್ನೂ ಬೆಂದಿಲ್ಲ.

ಕತೆಯಲ್ಲಿ ದಿಂಬಿನ ಎರಡೂ ತುದಿಗೆ ತೂತು ಇರುತ್ತದೆ. ಆ ತೂತು ನಿಧಾನಕ್ಕೆ ದೊಡ್ಡದಾಗಿ ಬೆಳಗಿ, ಹುಡುಗ ಅದರೊಳಗೆ ನಡೆದು ಹೋಗುತ್ತಾನೆ. ಇದನ್ನು ಹೇಳಿದಾಗ ಅಪ್ಪ ತಲೆಯಾಡಿಸಿ, "ಕತೆ ಬರೆದವನು ದಿಂಬನ್ನ ಕೈಯಲ್ಲಿ ಹಿಡಿದು ನೋಡಿದ್ದಾನೆ" ಅಂದರು.

ಅಲ್ಲಿನ ಗುಡಿಯ ಹಿಂದಿನ ಕೋಣೆಯಲ್ಲಿ ಲು ಶೆಂಗ್ ಕಲ್ಲಿನಲ್ಲಿ ಮಲಗಿದ್ದಾನೆ, ಪಕ್ಕಕ್ಕೆ ತಿರುಗಿ, ಮೊಣಕಾಲು ಮಡಚಿ. ಬಂದವರೆಲ್ಲ ಮುಟ್ಟಿ ಮುಟ್ಟಿ ಮೈ ನುಣುಪಾಗಿದೆ. ಕಸ ಗುಡಿಸುತ್ತಿದ್ದ ಹೆಂಗಸು ಅಪ್ಪನ ಕೈ ಹಿಡಿದು ಅವನ ತಲೆ ಮೇಲೆ ಇಡಿಸಿದರು. ತಲೆ ಮುಟ್ಟಿದರೆ ಚಿಂತೆ ಹೋಗುತ್ತದಂತೆ. ಹೊರಗೆ ಬಿಸಿಲು 38 ಡಿಗ್ರಿ ಇತ್ತು. "ಕಲ್ಲು ಎಷ್ಟು ತಣ್ಣಗಿದೆ ನೋಡು" ಅಂತ ಅಪ್ಪ ಕೈ ತೆಗೆಯಲೇ ಇಲ್ಲ.

ಮಧ್ಯಾಹ್ನ ಹಾಂಡಾನ್ ಮ್ಯೂಸಿಯಂ. ಸೋಮವಾರ ರಜೆ, ಅದಕ್ಕೇ ನಮ್ಮ ರೈಲಿನ ದಿನವನ್ನು ಸೋಮವಾರಕ್ಕೆ ಇಟ್ಟುಕೊಂಡಿದ್ದೆ. ಸಿಝೌ ಪಾತ್ರೆಗಳ ವಿಭಾಗಕ್ಕೆ ನೇರ ಹೋದೆವು. ಸಿಝೌ ಅಂದರೆ ಈ ಸೀಮೆಯ ಹಳೆಯ ಹೆಸರು. 'ಸಿ' ಅಂದರೆ ಅಯಸ್ಕಾಂತ. ಪಕ್ಕದ ಬೆಟ್ಟದಲ್ಲಿ ಅಯಸ್ಕಾಂತದ ಕಲ್ಲು ಸಿಗುತ್ತಿತ್ತು. ಸೊಂಗ್, ಜಿನ್, ಯುವಾನ್ ಅರಸರ ಕಾಲದಲ್ಲಿ, ಅಂದರೆ 10ರಿಂದ 14ನೇ ಶತಮಾನದ ತನಕ, ಇಲ್ಲಿನ ಆವಿಗೆಗಳು ಊರ ಜನಕ್ಕೆ ಬೇಕಾದದ್ದೆಲ್ಲ ಸುಟ್ಟವು. ಹೆಂಡದ ಜಾಡಿ, ಬಟ್ಟಲು, ದೀಪ, ದಿಂಬು. ಅರಮನೆಗೆ ಬೇರೆ ಊರಿನ ನಯವಾದ ಪಿಂಗಾಣಿ ಹೋಗುತ್ತಿತ್ತು. ಇದು ಸಂತೆಗೆ ಬರುವವರ ಸಾಮಾನು. ನನಗೆ ಇವು ಜಾಸ್ತಿ ಇಷ್ಟ ಆಗೋದು ಅದಕ್ಕೇ.

ಒಂದು ದಿಂಬಿನ ಮುಂದೆ ನಾವು ಅರ್ಧ ಗಂಟೆ ನಿಂತಿದ್ದೆವು. ಉದ್ದ ಒಂದು ಮೊಳಕ್ಕೆ ಸ್ವಲ್ಪ ಕಡಿಮೆ. ಇಟ್ಟಿಗೆಯಂಥ ಆಕಾರ, ಮೇಲ್ಭಾಗ ನಡುವೆ ಮೆಲ್ಲಗೆ ತಗ್ಗಾಗಿದೆ. ಕುತ್ತಿಗೆ ಕಡೆ ತುಸು ಕೆಳಗೆ, ಹಿಂಬದಿ ತುಸು ಎತ್ತರ. ಕೆನೆ ಬಣ್ಣದ ಮೈ ಮೇಲೆ ಕಪ್ಪು ಗೆರೆಯ ಚೌಕಟ್ಟು, ಅದರೊಳಗೆ ಬೆಟ್ಟ, ನದಿ, ಮನುಷ್ಯರು. ಬದಿಗಳಲ್ಲಿ ಬಿದಿರು, ಪಿಯೊನಿ ಹೂ. ಎಲೆಯ ಒಂದೊಂದು ಗೆರೆಯೂ ಒಂದೇ ಎಳೆತ. ಶುರುವಿನಲ್ಲಿ ದಪ್ಪ, ಕೊನೆಯಲ್ಲಿ ಕುಂಚ ಒಣಗಿ ಹರಿದ ಗುರುತು. ಮೆರುಗಿನ ಕೆಳಗೆ ಒಂದು ಕಡೆ ಪುಟ್ಟ ಕಪ್ಪು ಹನಿ ಬಿದ್ದಿದೆ. ಬರೆಯುವವನ ಕುಂಚದಿಂದ ಬಿದ್ದದ್ದು. ಅವನು ಅದನ್ನು ಒರೆಸಿಲ್ಲ.

ಪಕ್ಕದಲ್ಲಿ ಇನ್ನೊಂದು ದಿಂಬನ್ನು ಮಗುಚಿ ಇಟ್ಟಿದ್ದರು. ತಳಕ್ಕೆ ಮೆರುಗಿಲ್ಲ, ಬರೀ ಬೂದು ಮಣ್ಣು. ಅದರ ನಡುವೆ ಒತ್ತಿದ ಮುದ್ರೆ: ಮೇಲೆ ಕೊಡೆಯ ಹಾಗೆ ತಾವರೆ ಎಲೆ, ಕೆಳಗೆ ಪೀಠದ ಹಾಗೆ ತಾವರೆ ಹೂ, ನಡುವೆ ಮೂರು ಅಕ್ಷರ. ಝಾಂಗ್ ಜಿಯಾ ಝಾವ್. 'ಝಾಂಗ್ ಮನೆಯವರು ಮಾಡಿದ್ದು.' ನೂರಾರು ವರ್ಷ ಈ ಹೆಸರಿನಲ್ಲಿ ದಿಂಬುಗಳು ಹೊರಬಂದಿವೆ. ವಾಂಗ್ ಮನೆ, ಲಿ ಮನೆ, ಝಾವ್ ಮನೆ ಅಂತ ಬೇರೆ ಮುದ್ರೆಗಳೂ ಇವೆ. ಆದರೆ ಝಾಂಗ್ ಮನೆಯದ್ದೇ ಜಾಸ್ತಿ. ಹೆಸರಿಗೆ ಬೆಲೆ ಇತ್ತು ಅಂತಲೇ ಅಲ್ವಾ ಇದರ ಅರ್ಥ?

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮಪ್ಪ ಐವತ್ತು ವರ್ಷ ಮಡಕೆ ಮಾಡಿದ. ಯಾವುದರ ಮೇಲೂ ಹೆಸರಿಲ್ಲ" ಅಂದರು.

ಮೂರನೇ ದಿನ: ಗುವಾನ್‌ತಾಯ್, ಮಳೆ

ಬೆಳಿಗ್ಗೆ ದಕ್ಷಿಣದ ಸಿಶಿಯಾನ್ ಪಟ್ಟಣಕ್ಕೆ ಬಸ್. ಅಲ್ಲಿ ಸಿಝೌ ಪಾತ್ರೆಗಳಿಗೇ ಅಂತ ಒಂದು ಮ್ಯೂಸಿಯಂ ಇದೆ. ವಿವರ ಓದಿ ಹೇಳುತ್ತಿದ್ದ ಕಾಲೇಜು ಹುಡುಗಿಯೊಬ್ಬಳು ನಮ್ಮನ್ನು ನೋಡಿ ಇಂಗ್ಲಿಷಿನಲ್ಲಿ ಜುಲು ಊರಿನ ಕತೆ ಹೇಳಿದಳು. ಜುಲು ಇಲ್ಲಿಂದ ಉತ್ತರಕ್ಕಿದೆ. 1108ರಲ್ಲಿ ಹಳದಿ ನದಿ ಉಕ್ಕಿ ಇಡೀ ಪೇಟೆ ಕೆಸರಿನ ಕೆಳಗೆ ಹೋಯಿತು. ಎಂಟುನೂರು ವರ್ಷದ ಮೇಲೆ, 1918ರ ಸುಮಾರಿಗೆ, ಬರ ಬಂದು ಜನ ಬಾವಿ ತೋಡಿದಾಗ ಕೆಳಗಿನಿಂದ ಬಟ್ಟಲು, ಜಾಡಿ, ದಿಂಬು ಏಳತೊಡಗಿದವು. ನೀರಿಗೆ ತೋಡಿದರೆ ಮನೆಗಳು ಸಿಕ್ಕವು. ಲೋಕದ ದೊಡ್ಡ ದೊಡ್ಡ ಮ್ಯೂಸಿಯಂಗಳಿಗೆ ಸಿಝೌ ಪಾತ್ರೆಗಳು ಹೋಗಿದ್ದು ಆಮೇಲೆ. ಹತ್ತಿರದ ಸಂತೆಯಿಂದ ಯಾರೋ ಕಂಕುಳಲ್ಲಿಟ್ಟು ಮನೆಗೆ ತಂದವು.

ಮಧ್ಯಾಹ್ನ ಪಶ್ಚಿಮದ ಗುವಾನ್‌ತಾಯ್‌ಗೆ ಇನ್ನೊಂದು ಬಸ್. ಝಾಂಗ್ ನದಿ ಬೆಟ್ಟಗಳಿಂದ ಹೊರಬರುವ ಜಾಗ ಅದು. ನದಿಗೂ ಕುಂಬಾರರ ಮನೆತನಕ್ಕೂ ಉಚ್ಚಾರ ಒಂದೇ, ಬರೆಯುವ ಅಕ್ಷರ ಬೇರೆ. ಪೀಕಿಂಗ್ ವಿಶ್ವವಿದ್ಯಾಲಯದವರು 1987ರಲ್ಲಿ ಇಲ್ಲಿ ಅಗೆದು ಆವಿಗೆಗಳನ್ನು ಹೊರಗೆ ತೆಗೆದರು. ಕೆಳಗೆ ಯುಎಚೆಂಗ್ ಜಲಾಶಯದ ನೀರು ಹರಡಿಕೊಂಡಿದೆ. ಆಚೆ ದಡ ಹೆನಾನ್ ಪ್ರಾಂತ್ಯ, ಅನ್‌ಯಾಂಗ್ ಸೀಮೆ. ಅದರ ಹಳೆಯ ಹೆಸರು ಶಿಯಾಂಗ್. ಕೆಲವು ದಿಂಬುಗಳ ಮೇಲೆ 'ಪ್ರಾಚೀನ ಶಿಯಾಂಗ್‌ನ ಝಾಂಗ್ ಮನೆ' ಅಂತಲೇ ಇದೆ. ಇನ್ನೊಬ್ಬ ಬರೆಯುವವನು 'ಝಾಂಗ್ ದಡದ ಹಂಗಿಲ್ಲದವನು' ಅಂತ ಸಹಿ ಹಾಕಿಕೊಂಡಿದ್ದಾನೆ. ನಾನು ಆ ದಡದಲ್ಲಿ ನಿಂತು ಅವನ ಬಗ್ಗೆಯೇ ಯೋಚಿಸಿದೆ. ಹೆಸರು ಹೇಳದೆ ಊರು ಹೇಳಿದವನು.

ಜೋಳದ ಹೊಲದ ಬದುವಿನ ಉದ್ದಕ್ಕೂ ಚೂರುಗಳು. ಬಿಳಿ, ಕಪ್ಪು ಗೆರೆಯ ತುಂಡು, ಸುಟ್ಟು ಕರಕಾದ ಮುದ್ದೆ. ಸಂರಕ್ಷಿತ ಜಾಗ ಅದು, ಒಂದು ಚೂರನ್ನೂ ತರುವ ಹಾಗಿಲ್ಲ, ತರಲೂ ಬಾರದು. ಅಪ್ಪ ಕುಕ್ಕರಗಾಲಲ್ಲಿ ಕೂತು ಒಂದನ್ನು ತಿರುಗಿಸಿ, ಒಡೆದ ಅಂಚನ್ನು ಬೆರಳಿಂದ ಸವರಿದರು. "ಒಳಗೆ ಬೂದು, ಒರಟು. ಮೇಲೆ ಬಿಳಿ ಮಣ್ಣು ಬಳಿದಿದ್ದಾರೆ. ನಾವು ಕೆಮ್ಮಣ್ಣು ಬಳೀತಿದ್ವಲ್ಲ, ಹಾಗೆ." ಇದ್ದ ಕಡೆಯೇ ಇಟ್ಟು ಕೈ ಒದರಿದರು.

ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಗುಡುಗು. ಮಳೆ ಅಂದರೆ ಮಳೆ. ಒಂದು ಮನೆಯ ಮಾಡಿನ ಕೆಳಗೆ ನಿಂತೆವು. ಮುಕ್ಕಾಲು ಗಂಟೆ ಬಿಡಲಿಲ್ಲ. ಬಿಟ್ಟಾಗ ಕೊನೆಯ ಬಸ್ ಹೋಗಿತ್ತು. ಆ ಮನೆಯ ಯಜಮಾನರು ಹೊರಗೆ ಬಂದು ನಮ್ಮನ್ನು ನೋಡಿ, ಒಳಗೆ ಕರೆದು ಬಿಸಿನೀರು ಕೊಟ್ಟರು. ಇಲ್ಲಿ ಯಾರ ಮನೆಗೆ ಹೋದರೂ ಮೊದಲು ಬಿಸಿನೀರೇ. ಫೋನಿನ ಅನುವಾದದಲ್ಲಿ ವಿಷಯ ಹೇಳಿದೆ. (ಗೂಗಲ್ ಅಲ್ಲಿ ನಡೆಯೋದಿಲ್ಲ, ಚೀನಾದ್ದೇ ಅನುವಾದದ ಆ್ಯಪ್ ಮೊದಲೇ ಹಾಕಿಕೊಳ್ಳಬೇಕು.) ಅವರು ಒಂದು ಮಾತೂ ಆಡದೆ ಮೂರು ಚಕ್ರದ ಗಾಡಿ ಹೊರಗೆ ತೆಗೆದು, ಹಿಂದೆ ಎರಡು ಪುಟ್ಟ ಸ್ಟೂಲ್ ಇಟ್ಟರು. ಕೆಸರಿನ ರಸ್ತೆ, ಎರಡೂ ಕಡೆ ಒದ್ದೆ ಜೋಳದ ವಾಸನೆ. ದೊಡ್ಡ ರಸ್ತೆಯಲ್ಲಿ ಒಂದು ಟ್ಯಾಕ್ಸಿ ನಿಲ್ಲಿಸಿ, ಡ್ರೈವರ್ ಜೊತೆ ಬಾಡಿಗೆ ತಾವೇ ಮಾತಾಡಿ ನಮ್ಮನ್ನು ಹತ್ತಿಸಿದರು. ಹಣ ಕೊಡಲು ಹೋದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

ಸಿಶಿಯಾನ್ ತಲುಪಿದಾಗ ರಾತ್ರಿ. ಮೊದಲು ಹೋದ ಲಾಡ್ಜಿನಲ್ಲಿ ವಿದೇಶಿಯರನ್ನು ಇಟ್ಟುಕೊಳ್ಳೋದಿಲ್ಲ ಅಂದರು. ಎರಡನೆಯದರಲ್ಲೂ ಅದೇ. ಸಣ್ಣ ಊರಿಗೆ ಹೋಗುವವರು ಇದನ್ನು ಫೋನ್ ಮಾಡಿ ಮೊದಲೇ ಕೇಳಿಕೊಳ್ಳಬೇಕು. ಮೂರನೆಯ ಕಡೆ ಸಿಕ್ಕಿತು. ಪಕ್ಕದಲ್ಲೇ ಒಬ್ಬ ಹೆಂಗಸು ಊಟದ ಅಂಗಡಿ ಮುಚ್ಚುತ್ತಿದ್ದವರು ಮತ್ತೆ ಒಲೆ ಹಚ್ಚಿದರು. ಕಾಳಿನ ಹಿಟ್ಟು ಬೆರೆಸಿದ ಕಣಕವನ್ನು ತೂತಿನ ತಗಡಿನ ಮೇಲಿಟ್ಟು ಅಂಗೈಯಲ್ಲಿ ಒತ್ತಿದರೆ ಬೆರಳುದ್ದದ ಶ್ಯಾವಿಗೆ ಕುದಿಯುವ ನೀರಿಗೆ ಬೀಳುತ್ತದೆ. ನಮ್ಮ ಖಾರಾಸೇವೆ ಜಾಲರಿಯ ಹಾಗೇ. ಮಿನ್‌ಜ್ಯೆ ಅಂತ ಹೆಸರು. ಮೇಲೆ ಬೆಳ್ಳುಳ್ಳಿ, ವಿನೆಗರ್, ಖಾರದ ಎಣ್ಣೆ. ಒದ್ದೆ ಬಟ್ಟೆಯಲ್ಲಿ ಕೂತು ತಿಂದ ಆ ಬಟ್ಟಲು ಇಡೀ ಪ್ರವಾಸದ ಅತಿ ಒಳ್ಳೆಯ ಊಟ.

ನಾಲ್ಕನೇ ದಿನ: ಪೆಂಗ್‌ಚೆಂಗ್

ಗುವಾನ್‌ತಾಯ್ ಆವಿಗೆಗಳು ಆರಿದ ಮೇಲೂ ಕಸುಬು ನಿಲ್ಲದೆ ನಡೆದದ್ದು ಫೆಂಗ್‌ಫೆಂಗ್ ಗಣಿ ಪ್ರದೇಶದ ಪೆಂಗ್‌ಚೆಂಗ್‌ನಲ್ಲಿ. 'ದಕ್ಷಿಣಕ್ಕೆ ಜಿಂಗ್‌ದೆ, ಉತ್ತರಕ್ಕೆ ಪೆಂಗ್‌ಚೆಂಗ್' ಅಂತ ಇಲ್ಲಿನವರು ಹೆಮ್ಮೆಯಿಂದ ಹೇಳುತ್ತಾರೆ. ಜಿಂಗ್‌ದೆಝೆನ್ ಪಿಂಗಾಣಿ ಲೋಕಕ್ಕೇ ಗೊತ್ತು. ಪೆಂಗ್‌ಚೆಂಗ್ ಹೆಸರು ಇನ್ನೂ ಜಾಸ್ತಿ ಜನಕ್ಕೆ ತಲುಪಬೇಕು ಅಂತ ನನಗೆ ಅನ್ನಿಸುತ್ತದೆ. ಒಂದೇ ಬೆಟ್ಟದಲ್ಲಿ ಮಣ್ಣೂ ಕಲ್ಲಿದ್ದಲೂ ಎರಡೂ ಸಿಗುತ್ತವೆ. ಸೌದೆಯ ಬದಲು ಕಲ್ಲಿದ್ದಲಲ್ಲಿ ಆವಿಗೆ ಉರಿಸೋದನ್ನ ಸಾವಿರ ವರ್ಷದ ಹಿಂದೆಯೇ ಇಲ್ಲಿನವರು ಕಲಿತಿದ್ದರು. ಬಸ್ ಇಳಿದ ತಕ್ಷಣ ಕಲ್ಲಿದ್ದಲ ದೂಳು, ಹಳೆಯ ಚಿಮಣಿ. ಅಪ್ಪ ಸುತ್ತ ನೋಡಿ, "ಹೇಳಿದ್ನಲ್ಲ, ಬೆಟ್ಟದ ಬುಡ" ಅಂದರು.

ಹಳೆಯ ಓಣಿಗಳಿಗೆ ಹೋದರೆ ಗೋಡೆಗಳನ್ನು ನೋಡಲೇಬೇಕು. ಆವಿಗೆಯಲ್ಲಿ ಪಾತ್ರೆಗೆ ಬೂದಿ, ಹೊಗೆ ತಾಗದ ಹಾಗೆ ಅದನ್ನು ಒಂದು ದಪ್ಪ ಮಣ್ಣಿನ ಡಬ್ಬದೊಳಗೆ ಇಟ್ಟು ಸುಡುತ್ತಾರೆ. ಹಲವು ಸಲ ಸುಟ್ಟು ಕೆಲಸಕ್ಕೆ ಬಾರದಾದ ಡಬ್ಬಗಳನ್ನು ಇಲ್ಲಿನವರು ಎಸೆದಿಲ್ಲ. ಸಾಲಾಗಿ ಜೋಡಿಸಿ ಮನೆ ಕಟ್ಟಿದ್ದಾರೆ. ಓಣಿಯ ಉದ್ದಕ್ಕೂ ದುಂಡು ದುಂಡು ಬಾಯಿಗಳ ಗೋಡೆ. ಒಂದೆರಡರಲ್ಲಿ ಗುಬ್ಬಿ ಗೂಡು. ಫುತಿಯಾನ್ ಅನ್ನೋ ಕಡೆ ಹಳೆಯ ಆವಿಗೆಗಳನ್ನೇ ಮ್ಯೂಸಿಯಂ ಮಾಡಿದ್ದಾರೆ. ಇಡ್ಲಿಯ ಹಾಗೆ ಉಬ್ಬಿದ ಇಟ್ಟಿಗೆ ಗುಮ್ಮಟಗಳು. ಚೀನಾದವರು ಅದನ್ನು ಹಬೆಯಲ್ಲಿ ಬೇಯಿಸುವ ಮಾಂತೌ ಬನ್ನಿಗೆ ಹೋಲಿಸುತ್ತಾರೆ. ಒಳಗೆ ಕಾಲಿಟ್ಟ ಅಪ್ಪ ಚಾವಣಿಗೆ ಅಂಟಿದ ಗಾಜಿನಂಥ ಮಸಿ ನೋಡುತ್ತಾ ನಿಂತುಬಿಟ್ಟರು. ನಮ್ಮೂರ ಆವಿಗೆ ತೆರೆದದ್ದು, ಒಣಹುಲ್ಲು, ಬೆರಣಿ, ಸೌದೆ. ಇಲ್ಲಿನ ಉರಿ 1,200 ಡಿಗ್ರಿ ದಾಟುತ್ತದೆ.

ಅಲ್ಲಿಂದ ಹೊರಬಂದು ಓಣಿಯಲ್ಲಿ ನಡೆಯುವಾಗ ಒಂದು ಬಾಗಿಲು ತೆರೆದಿತ್ತು. ಒಳಗೆ ನಲವತ್ತೈದು, ಐವತ್ತರ ಹೆಂಗಸು ಮಣ್ಣಿನ ಹಾಳೆ ಲಟ್ಟಿಸುತ್ತಿದ್ದರು. ಅಪ್ಪ ಬಾಗಿಲಲ್ಲೇ ನಿಂತು ಎರಡೂ ಕೈಯಿಂದ ತಿಗರಿ ತಿರುಗಿಸಿ ಮಡಕೆ ಎತ್ತುವ ಹಾಗೆ ಮಾಡಿ ತೋರಿಸಿ, ತಮ್ಮ ಎದೆ ಮುಟ್ಟಿಕೊಂಡರು. ಆಕೆ ನಕ್ಕು, "ಶಿಫು!" ಅಂದರು. ಕಸುಬು ಬಲ್ಲ ಹಿರಿಯರನ್ನು ಕರೆಯುವ ಮಾತದು, ನಮ್ಮಲ್ಲಿ ಮೇಸ್ತ್ರಿ ಅಂದ ಹಾಗೆ. ಆಮೇಲೆ ಸಂಜೆ ತನಕ ನಾವು ಅಲ್ಲಿಂದ ಏಳಲಿಲ್ಲ.

ದಿಂಬನ್ನು ತಿಗರಿಯಲ್ಲಿ ಮಾಡೋದಿಲ್ಲ. ಮಣ್ಣನ್ನು ಹಾಳೆ ಮಾಡಿ, ಆರು ಹಲಗೆ ಕತ್ತರಿಸಿ, ಪೆಟ್ಟಿಗೆಯ ಹಾಗೆ ಜೋಡಿಸುತ್ತಾರೆ. ಅಂಚುಗಳನ್ನು ಗೀಚಿ, ನೀರು ಮಣ್ಣು ಸವರಿ, ಒತ್ತಿ ಅಂಟಿಸಬೇಕು. ಒಳಗಿನ ಮೂಲೆಗೆ ಮಣ್ಣಿನ ಎಳೆ ಇಟ್ಟು ಬೆರಳಿಂದ ತೀಡಬೇಕು. ಮೇಲಿನ ಹಲಗೆ ಕೂರಿಸಿದ ಮೇಲೆ ಒಳಗೆ ಕೈ ಹೋಗೋದಿಲ್ಲ. ಆಕೆ ಮೂರು ಮೂಲೆ ತೀಡಿ ನಾಲ್ಕನೆಯದನ್ನು ಅಪ್ಪನ ಕಡೆ ತಿರುಗಿಸಿದರು. ಅಪ್ಪ ಶರ್ಟಿನ ತೋಳು ಮೇಲೇರಿಸಿ, ಹೆಬ್ಬೆರಳು ಒದ್ದೆ ಮಾಡಿಕೊಂಡು, ಕೆಳಗಿಂದ ಮೇಲಕ್ಕೆ ಒಂದೇ ಸಲ ಎಳೆದರು. ಐವತ್ತು ವರ್ಷ ಮಣ್ಣು ಮುಟ್ಟದ ಕೈ. ಆಕೆ ಬಗ್ಗಿ ನೋಡಿ ಏನೂ ತಿದ್ದದೆ ಮೇಲಿನ ಹಲಗೆ ಕೂರಿಸಿದರು. ಕೊನೆಗೆ ಹಿಂಬದಿಯಲ್ಲಿ ಬಿದಿರು ಕಡ್ಡಿಯಿಂದ ಒಂದು ತೂತು. ಅಪ್ಪ ನನ್ನ ಕಡೆ ನೋಡಿದರು. ತೂತು ಇಲ್ಲದಿದ್ದರೆ ಒಳಗಿನ ಗಾಳಿ, ಹಬೆ ಕಾದು ದಿಂಬು ಆವಿಗೆಯಲ್ಲೇ ಸಿಡಿಯುತ್ತದೆ.

ಒಣಗಿದ ಮೇಲೆ ಬಿಳಿ ಮಣ್ಣಿನ ನೀರು ಬಳಿಯುತ್ತಾರೆ. ಅದಕ್ಕೆ ಚೀನೀ ಹೆಸರು 'ಹುವಾಝುವಾಂಗ್ ತು', ಅಂದರೆ ಸಿಂಗಾರದ ಮಣ್ಣು. ಒರಟು ಬೂದು ಮೈಗೆ ಪೌಡರ್ ಹಚ್ಚಿದ ಹಾಗೆ. ಇದರ ಮೇಲೆ ಕಬ್ಬಿಣದ ಅಂಶವಿರುವ ಕಲ್ಲನ್ನು ಅರೆದ ಬಣ್ಣದಲ್ಲಿ ಬರೆಯೋದು. ಬರೆಯುವಾಗ ಅದು ಕೆಮ್ಮಣ್ಣಿನ ನೀರಿನ ಹಾಗೆ ಕಾಣುತ್ತದೆ, ಸುಟ್ಟ ಮೇಲೆ ಕಪ್ಪಾಗುತ್ತದೆ. ಮೇಲೊಂದು ಪದರ ಮೆರುಗು. ಆಕೆ ಬಿದಿರಿನ ಎಲೆ ಬರೆದು ತೋರಿಸಿದರು. ಒಣ ಮಣ್ಣು ನೀರನ್ನು ಥಟ್ಟನೆ ಹೀರುತ್ತದೆ. ಕುಂಚ ಒಂದು ಕ್ಷಣ ತಡೆದರೆ ಮಚ್ಚೆ. ಅಳಿಸೋ ಹಾಗಿಲ್ಲ, ಮತ್ತೆ ತೀಡೋ ಹಾಗಿಲ್ಲ. ಮ್ಯೂಸಿಯಂನಲ್ಲಿ ಕಂಡ ಆ ಹನಿ ಯಾಕೆ ಹಾಗೇ ಉಳಿಯಿತು ಅಂತ ಈಗ ಅರ್ಥವಾಯಿತು. ದಿನಕ್ಕೆ ಹತ್ತಾರು ದಿಂಬು ಬರೆಯುವವನ ಕೈ ಮಾತ್ರ ಅಷ್ಟು ಸಲೀಸಾಗಿ ಓಡೋದಕ್ಕೆ ಸಾಧ್ಯ.

ಗೋಡೆಯ ಹಲಗೆಯಲ್ಲಿ ಹಳೆಯ ದಿಂಬುಗಳ ನಕಲುಗಳಿದ್ದವು. ಹಲವಕ್ಕೆ ಚಿತ್ರವೇ ಇಲ್ಲ, ಬರೀ ಬರಹ. ಒಂದರಲ್ಲಿ ಎಂಟೇ ಅಕ್ಷರ: 'ಜನರ ನಡುವೆ ಮಾತು ಕಮ್ಮಿ, ಕೆಲಸ ಇಲ್ಲದಿದ್ದರೆ ಬೇಗ ಮನೆಗೆ.' ಇನ್ನೊಂದನ್ನು ಆಕೆ ಬೆರಳಿಟ್ಟು ಓದಿದರು, ಫೋನು ಇಂಗ್ಲಿಷಿಗೆ ತಿರುಗಿಸಿತು, ನಾನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ:

ಸೇತುವೆ ಬಂದರೆ ಕುದುರೆಯಿಂದ ಇಳಿ,
ದಾರಿ ಇದ್ದರೆ ದೋಣಿ ಹತ್ತಬೇಡ.
ಹೊತ್ತು ಮುಳುಗುವ ಮುಂಚೆ ವಸತಿ ಹುಡುಕು,
ಕೋಳಿ ಕೂಗಿದ ಮೇಲೆ ಆಕಾಶ ನೋಡು.

ಇದಾದ ಮೇಲೆ ಇನ್ನೊಂದು ಸಾಲು: ಹಿಂದಿನಿಂದಲೂ ಅನ್ಯಾಯವಾಗಿ ಸತ್ತವರೆಲ್ಲ ದಾರಿ ಬದಿಯಲ್ಲೇ ಇದ್ದಾರೆ.

ಹಿಂದಿನ ರಾತ್ರಿಯ ಮಳೆ, ಮೂರು ಲಾಡ್ಜ್ ಎಲ್ಲ ನೆನಪಾಗಿ ನಾವಿಬ್ಬರೂ ಸುಮ್ಮನಾದೆವು. "ಇದು ಪಂಡಿತರು ಬರೆದದ್ದಲ್ಲ ಕಣಮ್ಮ. ಊರಿಂದ ಊರಿಗೆ ಮಡಕೆ ಹೊತ್ತು ಮಾರಿದವನು ಬರೆದದ್ದು" ಅಂದರು ಅಪ್ಪ. ನಾನು ಅದನ್ನು ಆಕೆಗೆ ಹೇಳಿದೆ. ಆಕೆ ಎದ್ದು ಹೋಗಿ, ಬಿಳಿ ಬಳಿದು ಒಣಗಿಸಿದ್ದ ಒಂದು ಪುಟ್ಟ ದಿಂಬನ್ನೂ ಕುಂಚವನ್ನೂ ತಂದು ಅಪ್ಪನ ಮುಂದೆ ಇಟ್ಟರು. ಏನಾದರೂ ಬರೆಯಿರಿ, ನಿಮ್ಮ ಭಾಷೆಯಲ್ಲಿ.

ಅಪ್ಪ ಬಹಳ ಹೊತ್ತು ಯೋಚಿಸಿದರು. ನಾನು ನಮ್ಮ ಮನೆ ಹೆಸರು ಬರೆಯುತ್ತಾರೆ ಅಂದುಕೊಂಡೆ. ಅವರು ಬರೆದದ್ದು ನಾನು ಹಾಸ್ಟೆಲ್‌ಗೆ ಹೋದ ದಿನದಿಂದ ಇವತ್ತಿನ ತನಕ ಪ್ರತಿ ಸಲ ಬಸ್ ಹತ್ತುವಾಗ ಹೇಳುವ ಮಾತು: 'ತಲುಪಿದ ಮೇಲೆ ಫೋನ್ ಮಾಡು.' ಮೊದಲ ಅಕ್ಷರಗಳು ದೊಡ್ಡದಾಗಿ, ಕೊನೆಗೆ ಜಾಗ ಸಾಲದೆ 'ಮಾಡು' ಅಂಚಿಗೆ ಒತ್ತಿಕೊಂಡಿತು. ಅರ್ಥ ಕೇಳಿದ ಆಕೆ ತಮ್ಮ ಫೋನ್ ತೆಗೆದು ಒಂದು ಫೋಟೊ ತೋರಿಸಿದರು. ಮಗ ದಕ್ಷಿಣದ ಶೆನ್‌ಝೆನ್‌ನಲ್ಲಿ ಕೆಲಸದಲ್ಲಿದ್ದಾನೆ. ಮಣ್ಣಿನ ಕೆಲಸಕ್ಕೆ ಬರೋದಿಲ್ಲ ಅಂತ ಹೇಳಿ ಹೋದನಂತೆ. ಅಪ್ಪ ಅದಕ್ಕೆ ಏನೂ ಹೇಳಲಿಲ್ಲ, ಫೋಟೊವನ್ನು ಇನ್ನೊಮ್ಮೆ ಕೇಳಿ ನೋಡಿದರು.

ಎರಡು ದಿಂಬೂ ಒಣಗಿ, ಮುಂದಿನ ಆವಿಗೆಗೆ ಹೋಗಬೇಕು. ಸುಟ್ಟ ಮೇಲೆ ಫೋಟೊ ಕಳಿಸ್ತೀನಿ ಅಂದರು. ಈ ಸಲ ಕೊನೆಯ ಬಸ್ಸಿಗೆ ಒಂದು ಗಂಟೆ ಮುಂಚೆಯೇ ಅಪ್ಪ ಎದ್ದು ನಿಂತರು.

ಐದನೇ ದಿನ: ಇಬ್ಬರು ಹುಡುಗರು

ಶಿಜಿಯಾಝುವಾಂಗ್‌ಗೆ ರೈಲು, ಅಲ್ಲಿನ ಹೆಬೇಯ್ ಮ್ಯೂಸಿಯಂ. ನಾನು ಬಂದದ್ದು ಎರಡು ದಿಂಬುಗಳಿಗೆ. ಎರಡೂ ಎಂಟು ಮೂಲೆಯವು, ಎರಡೂ 1950ರ ದಶಕದಲ್ಲಿ ಶಿಂಗ್‌ತಾಯ್‌ನಲ್ಲಿ ಸಿಕ್ಕವು. ಒಂದರ ಮೇಲೆ ಹುಡುಗನೊಬ್ಬ ದಡದಲ್ಲಿ ಗಾಳ ಹಾಕಿದ್ದಾನೆ. ನೀರನ್ನು ಕೆಲವೇ ಗೆರೆಯಲ್ಲಿ ಬರೆದಿದ್ದಾರೆ, ಆದರೂ ಮೀನು ಎಲ್ಲಿ ಕಚ್ಚುತ್ತದೋ ಅಂತ ಅವನು ಉಸಿರು ಹಿಡಿದಿರೋದು ಕಾಣುತ್ತದೆ. ಇನ್ನೊಂದರಲ್ಲಿ ಹುಡುಗ ಚೆಂಡು ಒದೆಯುತ್ತಿದ್ದಾನೆ. ಅಷ್ಟೇ, ಹಿಂದೆ ಮುಂದೆ ಏನೂ ಇಲ್ಲ. ನಮ್ಮ ಪಕ್ಕದಲ್ಲಿ ಒಬ್ಬ ಪುಟ್ಟ ಹುಡುಗ ಗಾಜಿಗೆ ಮೂಗು ಒತ್ತಿ ನೋಡಿ, ನಿಂತಲ್ಲೇ ಕಾಲು ಬೀಸಿದ. ಅವನಮ್ಮ ಗದರಿದರು. ದಿಂಬು ಮಾಡಿದವನು ಅಲ್ಲಿದ್ದಿದ್ದರೆ ಖಂಡಿತ ಗದರುತ್ತಿರಲಿಲ್ಲ.

ಆರು, ಏಳನೇ ದಿನ: ನಮಗೆ ಗೊತ್ತಿರುವ ಯಾತ್ರಿಕ

ಆರನೇ ದಿನ ಮತ್ತೆ ರೈಲು. ಏಳನೇ ದಿನ ಗುವಾಂಗ್‌ಝೌನಲ್ಲಿ, ವಿಮಾನಕ್ಕೆ ಮುಂಚೆ, ಎರಡು ಮ್ಯೂಸಿಯಂ. ನಾನ್‌ಯುಎ ಅನ್ನೋ ಪ್ರಾಚೀನ ರಾಜ್ಯದ ರಾಜನ ಗೋರಿಯ ಮ್ಯೂಸಿಯಂನಲ್ಲಿ ಹಾಂಗ್‌ಕಾಂಗ್‌ನ ಯಾಂಗ್ ಯೊಂಗ್‌ದೆ ದಂಪತಿ ಕೊಟ್ಟ ಇನ್ನೂರಕ್ಕೂ ಹೆಚ್ಚು ಪಿಂಗಾಣಿ ದಿಂಬುಗಳ ಸಂಗ್ರಹ ಇದೆ. ಹುಲಿ ಆಕಾರದವೂ ಇವೆ. ಹುಲಿ ಬೆನ್ನ ಮೇಲೆ ಮಲಗಿದರೆ ಕೆಟ್ಟದ್ದು ಹತ್ತಿರ ಬರೋದಿಲ್ಲ ಅನ್ನೋ ನಂಬಿಕೆ. ಒಂದೇ ಮಧ್ಯಾಹ್ನಕ್ಕೆ ಅಷ್ಟು ದಿಂಬು ಜಾಸ್ತಿಯೇ ಆಯಿತು.

ಆದರೆ ಗುವಾಂಗ್‌ಡಾಂಗ್ ಮ್ಯೂಸಿಯಂನ ಒಂದು ದಿಂಬಿಗೆ ನಾನು ಇನ್ನೊಮ್ಮೆ ಬೇಕಾದರೂ ಹೋಗುತ್ತೇನೆ. ಯುವಾನ್ ಕಾಲದ ಸಿಝೌ ದಿಂಬು. ಬಿಳಿ ಮೈ ಮೇಲೆ ಕಪ್ಪಿನಲ್ಲಿ ನಾಲ್ವರು ದಾರಿ ನಡೆಯುತ್ತಿದ್ದಾರೆ. ಮುಂದೆ ಕೋಲು ಹಿಡಿದ ಕೋತಿ, ಜೊತೆಗೆ ಹಂದಿ ಮುಖದವನು, ಕುದುರೆ ಮೇಲೆ ಸನ್ಯಾಸಿ, ಅವನಿಗೆ ಕೊಡೆ ಹಿಡಿದ ಇನ್ನೊಬ್ಬ. ಭಾರತಕ್ಕೆ ಹೊರಟ ಹ್ಯುಯೆನ್ ತ್ಸಾಂಗ್! ಈ ಕತೆಯ ಹೆಸರಾಂತ ಕಾದಂಬರಿ ಅಚ್ಚಾಗಿದ್ದು 1592ರಲ್ಲಿ. ಅದಕ್ಕೂ ಇನ್ನೂರು ವರ್ಷ ಮುಂಚೆಯೇ ಇಲ್ಲಿನ ಕುಂಬಾರರು ಸಂತೆಯಲ್ಲಿ ಕೇಳಿದ ಕತೆಯನ್ನು ದಿಂಬಿನ ಮೇಲೆ ಬರೆದುಬಿಟ್ಟಿದ್ದರು.

"ಯಾರಮ್ಮ ಇದು?" ಅಂದರು ಅಪ್ಪ. ಹೇಳಿದೆ. "ನಮ್ಮ ಪುಲಕೇಶಿ ಹತ್ರ ಬಂದಿದ್ದನಲ್ಲ, ಅವನೇನಾ?" ಅವನೇ. ಇಮ್ಮಡಿ ಪುಲಕೇಶಿಯ ಬಗ್ಗೆ, ಅವನ ನಾಡಿನ ಜನದ ಬಗ್ಗೆ ಬರೆದವನು. ಅಪ್ಪ ಏಳನೇ ಕ್ಲಾಸಿನ ಪಾಠದಲ್ಲಿ ಓದಿದ್ದನ್ನು ಇವತ್ತಿಗೂ ಮರೆತಿರಲಿಲ್ಲ. ಗಾಜಿನ ಹತ್ತಿರ ಹೋಗಿ, ಎರಡು ಹೆಜ್ಜೆ ಹಿಂದೆ ಬಂದು, ಮತ್ತೆ ಹತ್ತಿರ ಹೋದರು. "ಅಷ್ಟು ದೂರ ನಡೆದವನ ತಲೆ ಕೆಳಗೆ ಯಾವ ದಿಂಬಿತ್ತೋ" ಅಂದರು.

ಮನೆಗೆ ಬಂದ ಮೇಲೆ

ಬಂದು ಮೂರು ವಾರ ಆಗಿತ್ತು. ಒಂದು ಸಂಜೆ ವಿಚಾಟ್‌ನಲ್ಲಿ ಎರಡು ಫೋಟೊ ಬಂದವು. ಒಂದರಲ್ಲಿ ಅಪ್ಪ ಬರೆದ ದಿಂಬು. ಅಕ್ಷರಗಳು ಕಪ್ಪಾಗಿವೆ, ಕುಂಚ ಒಣಗಿದ್ದ ಕೊನೆಯ 'ಮಾಡು' ಮಾತ್ರ ಕಾಫಿ ಬಣ್ಣಕ್ಕೆ ತಿರುಗಿದೆ. ನನ್ನ ಗಂಟಲು ಕಟ್ಟಿತು. ಓಡಿ ಹೋಗಿ ಫೋನನ್ನು ಅಪ್ಪನ ಕೈಗೆ ಕೊಟ್ಟೆ.

ಅವರು ಅದನ್ನು ಒಂದು ಕ್ಷಣ ನೋಡಿ, ಪಕ್ಕಕ್ಕೆ ತಳ್ಳಿ, ಎರಡನೇ ಫೋಟೊ ತೆಗೆದರು. ಬಿದಿರು ಬರೆದ ದೊಡ್ಡ ದಿಂಬು, ನಾಲ್ಕನೇ ಮೂಲೆಯನ್ನು ಅವರು ತೀಡಿದ್ದು. ಎರಡು ಬೆರಳಲ್ಲಿ ಹಿಗ್ಗಿಸಿ, ಕನ್ನಡಕ ಮೇಲೇರಿಸಿ, ಆ ಮೂಲೆಯನ್ನು ಮೇಲಿಂದ ಕೆಳಗಿನ ತನಕ ನೋಡಿದರು.

"ಹಿಂದುಗಡೆದೂ ಒಂದು ಫೋಟೊ ಕಳಿಸೋಕೆ ಹೇಳು" ಅಂದರು. "ಬಿರುಕು ಬಿಟ್ಟಿದ್ರೆ ಆ ಕಡೆ ಬಿಟ್ಟಿರುತ್ತೆ."

ಮರುದಿನ ಬೆಳಿಗ್ಗೆ ಅದೂ ಬಂತು. ಬಿರುಕು ಇರಲಿಲ್ಲ.